ಮೂರನೇ ಬೇಸಿನ ಗೆರೆ

ಎಲ್ಲರೂ ಕಾಜ್ ಎಂದು ಕರೆಯುತ್ತಿದ್ದ ಕಾಜಿಮೀರ್ ಬಲ್ಕುಸ್ ಇಪ್ಪತ್ತೇಳು ವರ್ಷ ನೆಲದ ಕೆಳಗೆ ದುಡಿದ, ಆಮೇಲೆ ಹದಿನಾರು ವರ್ಷ ನೆಲದ ಮೇಲೆ. ಮೊರೋ ಗ್ಯಾಪ್ ಊರಿನ ಲಿಥುವೇನಿಯಾದವರ ಕೇರಿಯಲ್ಲಿ ಹುಟ್ಟಿದ ಗಂಡಸರಿಗೆ ಕಲ್ಲಿದ್ದಲ ಗಣಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಗಣಿಗೆ ಇಳಿದವನು, ನಲವತ್ತೊಂದರಲ್ಲಿ ಅದರ ಚಾವಣಿ ಕುಸಿದು ಎಡ ಸೊಂಟ ಮುರಿದ ಮೇಲೆ ಶಾಶ್ವತವಾಗಿ ಹೊರಗೆ ಬಂದ. ಆರು ತಿಂಗಳು ಮಲಗಿದಲ್ಲೇ ಇದ್ದ. ಎದ್ದು ಕುಂಟುತ್ತಾ ಓಡಾಡುವಂತಾದಾಗ ಚರ್ಚಿನ ಪಾದ್ರಿಗಳು ಯಾರಿಗೋ ಒಂದು ಮಾತು ಹೇಳಿ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸ ಕೊಡಿಸಿದರು. ನಾಲ್ಕೇ ವರ್ಷದಲ್ಲಿ ಇಡೀ ಮೈದಾನ ಅವನ ಸುಪರ್ದಿಗೆ ಬಂತು.

ಆ ಕೆಲಸ ಅವನಿಗೆ ಒಗ್ಗಿತು. ಗಣಿಯಲ್ಲಿ ಅವನು ಕಲಿತದ್ದು ಒಂದೇ ವಿದ್ಯೆ. ಮಣ್ಣು ಯಾವಾಗ, ಯಾವ ಕಡೆಗೆ ಜಾರುತ್ತದೆ ಎಂದು ಮುಂಚೆಯೇ ತಿಳಿಯುವುದು. ಅದು ತಿಳಿಯದವರು ಅಲ್ಲಿ ಬಹಳ ಕಾಲ ಬದುಕುತ್ತಿರಲಿಲ್ಲ. ಮೈದಾನದಲ್ಲೂ ಅವನು ಹಾಗೆಯೇ ನೆಲವನ್ನು ಓದುತ್ತಿದ್ದ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಬಟಾಣಿ ಕಾಳಿನಷ್ಟು ಉಬ್ಬು ಇದ್ದರೂ ಸಿಕ್ಕಿಬೀಳುತ್ತಿತ್ತು. ಒಮ್ಮೆ ಊಟದ ಡಬ್ಬಿ ತಂದ ಹೆಂಡತಿ ಓನಾ ಅವನನ್ನು ಆ ಸ್ಥಿತಿಯಲ್ಲಿ ನೋಡಿ, ನಮ್ಮ ಮದುವೆಯಾಗಿ ಮೂವತ್ತು ವರ್ಷವಾಯಿತು, ನನ್ನ ಮುಖವನ್ನೂ ನೀನು ಇಷ್ಟು ಹತ್ತಿರದಿಂದ ನೋಡಿಲ್ಲ ಎಂದಿದ್ದಳು.

ಅವರಿಗೆ ಮಕ್ಕಳಿರಲಿಲ್ಲ. ಮನೆಯ ಮಹಡಿಯ ಕೋಣೆಯನ್ನು ಪ್ರತಿ ಬೇಸಿಗೆಯಲ್ಲೂ ತಂಡದ ಯಾರಾದರೊಬ್ಬ ಆಟಗಾರನಿಗೆ ಕೊಡುತ್ತಿದ್ದರು. ಐದು ಬೇಸಿಗೆ ಸತತವಾಗಿ ಬಂದು, ೧೯೫೬ರಲ್ಲಿ ಆರನೇ ಸಲವೂ ಬಂದವನು ಡೆಲ್ಮರ್ ಪ್ರೂಯಿಟ್. ದಕ್ಷಿಣದ ಹತ್ತಿ ಹೊಲಗಳ ಕಡೆಯವನು, ಉದ್ದನೆಯ ಆಳು, ಮಾತು ನಿಧಾನ. ಎಡಗೈಯಲ್ಲಿ ಚೆಂಡೆಸೆಯುವ ಪಿಚರ್. ಮೊದಲ ವರ್ಷ ಓನಾ ಬಡಿಸಿದ ಬೀಟ್‌ರೂಟಿನ ತಣ್ಣನೆಯ ಸಾರನ್ನು ನೋಡಿ ಬಣ್ಣದ ನೀರು ಎಂದು ತಿಳಿದು ಮುಟ್ಟಿರಲಿಲ್ಲ. ಈಗ ಎರಡು ಬಟ್ಟಲು ಕುಡಿದು, ಮೇಲೆ ಆಲೂಗಡ್ಡೆ ಕಡುಬನ್ನೂ ತಿಂದು, ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ.

ಡೆಲ್ಮರ್‌ಗೆ ಮೂವತ್ತೈದಾಗಿತ್ತು. ಹದಿನಾಲ್ಕು ವರ್ಷದಿಂದ ಇಂಥ ಸಣ್ಣ ಊರುಗಳ ತಂಡಗಳಲ್ಲೇ ಆಡಿಕೊಂಡು ಬಂದಿದ್ದ. ಈ ತಂಡಗಳ ಮೇಲೆ ದೊಡ್ಡ ನಗರದ ದೊಡ್ಡ ಕ್ಲಬ್ಬು ಇರುತ್ತದೆ. ಅಲ್ಲಿಂದ ಒಂದು ಕರೆ ಬಂದರೆ ಸಾಕು, ಒಂದೇ ಒಂದು ದಿನ ಅಲ್ಲಿ ಆಡಿದರೂ ಸಾಕು, ಅವನ ಹೆಸರು ಆಟದ ದೊಡ್ಡ ದಾಖಲೆ ಪುಸ್ತಕಕ್ಕೆ ಸೇರುತ್ತದೆ. ಯಾರೂ ಅಳಿಸುವಂತಿಲ್ಲ. ಡೆಲ್ಮರ್‌ಗೆ ಬೇರೆ ಆಸೆ ಇರಲಿಲ್ಲ. ಒಂದು ದಿನ ಸಾಕು ಎಂದು ಓನಾಳ ಮುಂದೆ ಹೇಳಿದ್ದ, ಕಾಜ್‌ನ ಮುಂದೆ ಹೇಳಲು ನಾಚಿಕೊಂಡಿದ್ದ. ಓನಾ ಅದನ್ನು ಗಂಡನಿಗೆ ಹೇಳಿದ್ದಳು.

ಆಗಸ್ಟ್ ಕೊನೆಯ ವಾರ ದೊಡ್ಡ ಕ್ಲಬ್ಬಿನಿಂದ ಸುದ್ದಿ ಬಂತು. ಸೆಪ್ಟೆಂಬರಿನಲ್ಲಿ ಅವರಿಗೆ ಒಬ್ಬ ಎಡಗೈ ಪಿಚರ್ ಬೇಕಾಗಿದ್ದಾನೆ. ಇಬ್ಬರ ಹೆಸರು ಮುಂದಿದೆ. ಒಬ್ಬ ಬೇರೆ ಊರಿನ ತಂಡದ ಇಪ್ಪತ್ತೆರಡು ವರ್ಷದವನು, ಇನ್ನೊಬ್ಬ ಡೆಲ್ಮರ್. ಭಾನುವಾರ ಮಧ್ಯಾಹ್ನದ ಆಟ ನೋಡಲು ಅವರ ಕಡೆಯ ಒಬ್ಬ ಬರುತ್ತಾನೆ. ಸೋಮವಾರ ತೀರ್ಮಾನ.

ಡೆಲ್ಮರ್‌ಗೆ ಗೊತ್ತಿಲ್ಲದ ಒಂದು ಸಂಗತಿ ಆ ಮೈದಾನದಲ್ಲಿತ್ತು. ಅದನ್ನು ಅಲ್ಲಿ ಇಟ್ಟವನು ಕಾಜ್.

ಬೇಸ್‌ಬಾಲಿನಲ್ಲಿ ದಾಂಡಿಗ ಚೆಂಡು ಹೊಡೆದು ಮೂರು ಬೇಸುಗಳನ್ನು ಒಂದೊಂದಾಗಿ ಮುಟ್ಟಿ, ನಿಂತಿದ್ದ ಜಾಗಕ್ಕೇ ಮರಳಿದರೆ ಒಂದು ಓಟ; ಆ ಜಾಗದಿಂದ ಮೊದಲ ಮತ್ತು ಮೂರನೇ ಬೇಸಿನ ಕಡೆಗೆ ಎಳೆದ ಸುಣ್ಣದ ಗೆರೆಗಳೇ ಆಟದ ಎಲ್ಲೆ. ಅವನು ಒಮ್ಮೊಮ್ಮೆ ಬ್ಯಾಟನ್ನು ಬೀಸುವುದಿಲ್ಲ. ಚೆಂಡಿಗೆ ಸುಮ್ಮನೆ ಅಡ್ಡ ಹಿಡಿದು, ಗೆರೆಯ ಪಕ್ಕದಲ್ಲಿ ಅದು ಮೆಲ್ಲಗೆ ಉರುಳುವಂತೆ ಬಿಟ್ಟು ಓಡುತ್ತಾನೆ. ಅದು ಬಂಟ್. ಆ ಹೊಡೆತದ ಹಣೆಬರಹವೆಲ್ಲ ಗೆರೆಯ ಬದಿಯ ಒಂದು ಗೇಣು ಮಣ್ಣಿನಲ್ಲಿರುತ್ತದೆ. ಚೆಂಡು ಗೆರೆಯಾಚೆ ಹೋಯಿತೋ, ಹೊಡೆತ ಲೆಕ್ಕಕ್ಕಿಲ್ಲ. ಈಚೆ ನಿಂತಿತೋ, ಗೆರೆಗೆ ತಾಗಿ ನಿಂತರೂ ಸರಿ, ಲೆಕ್ಕಕ್ಕುಂಟು.

ಆ ವರ್ಷ ಏಪ್ರಿಲ್‌ನಲ್ಲಿ ಮೊರೋ ಗ್ಯಾಪ್ ತಂಡದಲ್ಲಿ ಬಂಟ್ ಹೊಡೆಯುವುದರಲ್ಲಿ ಪಳಗಿದ ಇಬ್ಬರು ಚುರುಕು ಓಟಗಾರರಿದ್ದರು. ಮ್ಯಾನೇಜರ್ ಸ್ಟ್ರಿಕ್ಲರ್ ಕಾಜ್‌ನನ್ನು ಪಕ್ಕಕ್ಕೆ ಕರೆದು, ಮೂರನೇ ಬೇಸಿನ ಗೆರೆಯನ್ನು ಸ್ವಲ್ಪ ಎತ್ತರಿಸು, ಒಳಗಡೆಗೆ ಇಳಿಜಾರು ಕೊಡು ಎಂದ. ಎಲ್ಲ ಊರುಗಳಲ್ಲೂ ಇಂಥ ಕೈಚಳಕ ನಡೆಯುತ್ತಿತ್ತು. ಎದುರಾಳಿಯ ಓಟಗಾರರು ಚುರುಕಾಗಿದ್ದರೆ ಅವರು ಓಡುವ ದಾರಿಗೆ ಹಿಂದಿನ ದಿನವೇ ನೀರು ಬಿಡುತ್ತಿದ್ದರು, ತಮ್ಮ ಪಿಚರ್ ನಿಧಾನದವನಾದರೆ ಹುಲ್ಲು ಉದ್ದ ಬಿಡುತ್ತಿದ್ದರು. ಇದನ್ನು ಯಾರೂ ಮೋಸವೆಂದು ಕರೆಯುತ್ತಿರಲಿಲ್ಲ. ಕಾಜ್ ಸಾರಾಯಿ ಕಾರ್ಖಾನೆಯ ಹಿಂದಿನ ಹಳ್ಳದಿಂದ ಜೇಡಿಮಣ್ಣು ತಂದು, ಜರಡಿ ಹಿಡಿದು, ದಿನಕ್ಕೊಂದು ಪದರದಂತೆ ಮೂರು ವಾರ ಬಡಿದು ಕೂರಿಸಿದ. ಕೊನೆಗೆ ಗೆರೆ ಒಂದು ಹೆಬ್ಬೆರಳಿನ ದಪ್ಪದಷ್ಟು ಮೇಲೆದ್ದಿತು. ನೋಡಿದರೆ ತಿಳಿಯುತ್ತಿರಲಿಲ್ಲ. ಆಚೆ ಹೋಗಬೇಕಾದ ಚೆಂಡು ಗೆರೆಯವರೆಗೆ ಹತ್ತಿ, ಯೋಚಿಸಿದಂತೆ ನಿಂತು, ಒಳಕ್ಕೆ ಮರಳುತ್ತಿತ್ತು. ಅವನು ಜೀವನದಲ್ಲಿ ಮಾಡಿದ ಅತ್ಯಂತ ನಾಜೂಕಾದ ಕೆಲಸ ಅದು.

ಸ್ಟ್ರಿಕ್ಲರ್ ಅವನಿಂದ ಭಾಷೆ ತೆಗೆದುಕೊಂಡಿದ್ದ. ನಾವಿಬ್ಬರು, ಆ ಇಬ್ಬರು ಓಟಗಾರರು, ಒಟ್ಟು ನಾಲ್ಕು ಜನ, ಐದನೆಯವನಿಗೆ ಗೊತ್ತಾಗಕೂಡದು. ಈ ಲೀಗಿನಲ್ಲಿ ಆಟಗಾರರು ಬಸ್ಸು ಬದಲಿಸಿದಂತೆ ತಂಡ ಬದಲಿಸುತ್ತಾರೆ, ಇಂದು ನಮ್ಮ ಬೆಂಚಿನಲ್ಲಿ ಕೂತವನು ನಾಳೆ ಎದುರು ಬೆಂಚಿನಲ್ಲಿ ಕೂತಿರುತ್ತಾನೆ. ಕಾಜ್ ಹೆಂಡತಿಗೂ ಹೇಳಲಿಲ್ಲ, ಡೆಲ್ಮರ್‌ಗೂ ಹೇಳಲಿಲ್ಲ.

ಜೂನ್‌ನಲ್ಲಿ ಆ ಇಬ್ಬರಲ್ಲಿ ಒಬ್ಬ ಕಾಲು ಮುರಿದುಕೊಂಡು ಮನೆಗೆ ಹೋದ. ಇನ್ನೊಬ್ಬ ಡೂಲಿ ವಿಕ್ಸ್. ಕುಳ್ಳಗೆ, ನಗುಮುಖದ, ಬಾಯಿ ನಿಲ್ಲದ ಮನುಷ್ಯ. ಅವನನ್ನು ಜುಲೈನಲ್ಲಿ ವೆಸ್ಟ್ ಕಾಲ್ಡರ್ ತಂಡಕ್ಕೆ ಕೊಟ್ಟುಬಿಟ್ಟರು. ಗೆರೆ ಹಾಗೆಯೇ ಉಳಿಯಿತು. ಆಗಸ್ಟ್ ನಡುವೆ ತಂಡ ಎಂಟು ದಿನ ಹೊರ ಊರುಗಳಿಗೆ ಹೋಗಿದ್ದಾಗ ಕಾಜ್‌ಗೆ ಒಣ ಬಿಸಿಲಿನ ಎರಡು ದಿನ ಸಿಕ್ಕಿತ್ತು. ಗೆರೆ ಕೆತ್ತಿ ಸಮ ಮಾಡಲು ಅಷ್ಟು ಸಾಕಾಗಿತ್ತು. ಆದರೆ ಹೊರಡುವ ಮುನ್ನ ಡೆಲ್ಮರ್, ಚೆಂಡೆಸೆಯುವ ದಿಬ್ಬದಲ್ಲಿ ತನ್ನ ಮುಂಗಾಲು ಇಳಿಯುವ ಜಾಗ ಗುಂಡಿಯಾಗಿದೆ, ಮೊಣಕಾಲು ನೋಯುತ್ತಿದೆ ಎಂದಿದ್ದ. ಕಾಜ್ ಎರಡು ದಿನವೂ ಆ ದಿಬ್ಬವನ್ನೇ ಬಿಚ್ಚಿ ಹೊಸದಾಗಿ ಕಟ್ಟಿದ. ಡೆಲ್ಮರ್‌ನ ಹೆಜ್ಜೆಯ ಅಳತೆ ಅವನಿಗೆ ಬಾಯಿಪಾಠವಿತ್ತು. ಮೂರನೇ ದಿನ ಮಳೆ ಹಿಡಿಯಿತು. ಗೆರೆಯ ಕೆಲಸ ಅಕ್ಟೋಬರಿಗೆ ನೋಡಿದರಾಯಿತು ಎಂದುಕೊಂಡ.

ಭಾನುವಾರದ ಆಟಕ್ಕೆ ಬಂದ ತಂಡ ವೆಸ್ಟ್ ಕಾಲ್ಡರ್.

ಅದು ಆ ತಂಡವೆಂದು ಕಾಜ್‌ಗೆ ಮೊದಲೇ ಗೊತ್ತಿತ್ತು. ಡೂಲಿ ಅಲ್ಲಿದ್ದಾನೆ ಎನ್ನುವುದೂ ಗೊತ್ತಿತ್ತು. ಆದರೆ ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಮಧ್ಯಾಹ್ನ ಸುಣ್ಣದ ಗಾಡಿ ತಳ್ಳಿಕೊಂಡು ಗೆರೆ ಎಳೆಯುತ್ತಿದ್ದಾಗ ಡೂಲಿ ಬ್ಯಾಟನ್ನು ಹೆಗಲ ಮೇಲಿಟ್ಟುಕೊಂಡು ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ ಬಂದ.

"ಏನ್ ತಾತ, ಆರೋಗ್ಯಾನಾ? ನನ್ ರಸ್ತೆ ಚೆನ್ನಾಗಿ ಇಟ್ಕೊಂಡಿದೀಯ ತಾನೆ?" ಎಂದ.

ಕಾಜ್ ಗಾಡಿ ನಿಲ್ಲಿಸಿದ. ಡೂಲಿ ಬೂಟಿನ ತುದಿಯಿಂದ ಗೆರೆಯ ಒಳ ಅಂಚನ್ನು ಮೃದುವಾಗಿ ಸವರಿ, ಕಣ್ಣು ಹೊಡೆದು ಹೋದ.

ಕಾಜ್ ಗಾಡಿಯನ್ನು ಅಲ್ಲೇ ಬಿಟ್ಟು ಸ್ಟ್ರಿಕ್ಲರ್‌ನ ಬಳಿಗೆ ಹೋದ. ಮ್ಯಾನೇಜರ್ ಆಟಗಾರರ ಪಟ್ಟಿ ಬರೆಯುತ್ತಿದ್ದ. ಕಾಜ್ ಹೇಳಿದ್ದನ್ನು ತಲೆ ಎತ್ತದೆ ಕೇಳಿದ. ಆಟಕ್ಕೆ ಇನ್ನರ್ಧ ಗಂಟೆಯಿದೆ, ಈಗ ಗುದ್ದಲಿ ಹಿಡಿದರೆ ಅಂಪೈರ್ ಬಂದು ಕೇಳುತ್ತಾನೆ, ಆಗ ಏನು ಹೇಳುವುದು ಎಂದ. ಡೆಲ್ಮರ್‌ಗಾದರೂ ಹೇಳೋಣವೆಂದು ಕಾಜ್ ಅಂಗಲಾಚಿದ. ಇವತ್ತು ಅವನ ತಲೆಯಲ್ಲಿ ಚೆಂಡು ಹಿಡಿಯುವ ಕ್ಯಾಚರ್‌ನ ಕೈಗವಸು ಬಿಟ್ಟು ಇನ್ನೇನೂ ಇರಬಾರದು, ಗೆರೆಯ ಚಿಂತೆ ಹೊಕ್ಕರೆ ಕೆಟ್ಟ, ನಾನು ಮೂರನೇ ಬೇಸಿನವನಿಗೆ ಸೂಚನೆ ಕೊಡುತ್ತೇನೆ ಎಂದು ಸ್ಟ್ರಿಕ್ಲರ್ ಮಾತು ಮುಗಿಸಿದ.

ಮೂರನೇ ಬೇಸ್ ಕಾಯುತ್ತಿದ್ದವನು ಕ್ರೌಸ್ ಎಂಬ ಹೊಸಬ. ಮೂರು ವಾರದ ಹಿಂದೆ ಬಂದಿದ್ದ. ಸ್ಟ್ರಿಕ್ಲರ್ ಅವನಿಗೆ, ಡೂಲಿ ಬಂದಾಗ ನಾಲ್ಕು ಹೆಜ್ಜೆ ಮುಂದೆ ನಿಲ್ಲು ಎಂದು ಮಾತ್ರ ಹೇಳಿದ. ಇಳಿಜಾರಿನ ಮಾತೆತ್ತಲಿಲ್ಲ. ಬರುವ ವರ್ಷ ಕ್ರೌಸ್ ಯಾವ ತಂಡದಲ್ಲಿರುತ್ತಾನೋ ಯಾರಿಗೆ ಗೊತ್ತು?

ಒಂಬತ್ತು ಇನ್ನಿಂಗ್ಸ್‌ಗಳ ಆಟ ಶುರುವಾಯಿತು; ಒಂದೊಂದರಲ್ಲೂ ಮೂವರು ಔಟಾದರೆ ತಂಡದ ಸರದಿ ಮುಗಿಯುತ್ತದೆ. ಕಾಜ್ ಎಂದಿನಂತೆ ಆಟಗಾರರ ಬೆಂಚಿನ ತುದಿಯಲ್ಲಿ, ಕೋಣೆಗಳಿಗೆ ಹೋಗುವ ಓಣಿಯ ಬಾಯಲ್ಲಿ ತಲೆಕೆಳಗಾಗಿಟ್ಟ ಬಕೆಟ್ಟಿನ ಮೇಲೆ ಕುಳಿತ. ದೊಡ್ಡ ಕ್ಲಬ್ಬಿನವನು ಕ್ಯಾಚರ್‌ನ ಹಿಂದಿನ ಸಾಲಿನಲ್ಲಿ ಒಣಹುಲ್ಲಿನ ಟೋಪಿ ಹಾಕಿ, ತೊಡೆಯ ಮೇಲೆ ಸಣ್ಣ ಪುಸ್ತಕ ಇಟ್ಟುಕೊಂಡಿದ್ದ.

ಡೆಲ್ಮರ್ ಅಂದು ಎಸೆದ ರೀತಿಯನ್ನು ಊರಿನವರು ಆಮೇಲೆ ಬಹಳ ವರ್ಷ ಹೇಳುತ್ತಿದ್ದರು. ಅವನ ಚೆಂಡಿಗೆ ಮುಂಚಿನ ವೇಗ ಇರಲಿಲ್ಲ, ಆದರೆ ಅಂದು ಅದು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಯಿತು. ಬ್ಯಾಟಿನ ಹತ್ತಿರ ಬರುವಾಗ ಮೆಟ್ಟಿಲು ಇಳಿದಂತೆ ಕೆಳಗೆ ಬೀಳುತ್ತಿತ್ತು. ಹೊಸ ದಿಬ್ಬದ ಮೇಲೆ ಅವನ ಮುಂಗಾಲು ಪ್ರತಿ ಸಲವೂ ಒಂದೇ ಕಡೆ ಇಳಿಯುತ್ತಿತ್ತು. ಮೂರು ಇನ್ನಿಂಗ್ಸ್ ಆಯಿತು, ನಾಲ್ಕು ಆಯಿತು. ವೆಸ್ಟ್ ಕಾಲ್ಡರ್‌ನ ಒಬ್ಬನೂ ಚೆಂಡು ಹೊಡೆದು ಬೇಸು ಮುಟ್ಟಲಿಲ್ಲ, ಅಂದರೆ ಅವರಿಗೆ ಒಂದು ಹೊಡೆತವೂ ದಕ್ಕಲಿಲ್ಲ. ಮೊರೋ ಗ್ಯಾಪ್‌ನವರೂ ಓಟ ಗಳಿಸಲಿಲ್ಲ. ಮೈದಾನದ ಹಲಗೆಯ ಮೇಲೆ ಎರಡೂ ಸಾಲಿನಲ್ಲಿ ಸೊನ್ನೆಗಳು ಸೇರುತ್ತಾ ಹೋದವು.

ಡೂಲಿ ಎರಡು ಸಲ ಆಡಲು ಬಂದ. ಎರಡು ಸಲವೂ ಬ್ಯಾಟ್ ಬೀಸಿ ಔಟಾದ. ಒಮ್ಮೆಯೂ ಬಂಟ್ ಯತ್ನಿಸಲಿಲ್ಲ. ಬೆಂಚಿನಲ್ಲಿ ಎಲ್ಲರಿಗೂ ಸಮಾಧಾನ. ಕಾಜ್‌ಗೆ ಮಾತ್ರ ಇರಲಿಲ್ಲ. ಬೇಸುಗಳು ಖಾಲಿ ಇದ್ದಾಗ ಗೆರೆಯ ಗುಟ್ಟನ್ನು ಖರ್ಚು ಮಾಡಲು ಡೂಲಿಗೆ ಮನಸ್ಸಿಲ್ಲ. ಉಳಿಸಿಕೊಂಡಿದ್ದಾನೆ.

ಐದನೇ ಇನ್ನಿಂಗ್ಸ್ ಮುಗಿದಾಗ ನೆಲ ಸವರಲು ಐದು ನಿಮಿಷ ಬಿಡುವು ಇರುತ್ತದೆ. ಕಾಜ್ ಅಂದು ಮಣ್ಣು ಸವರುವ ಉಕ್ಕಿನ ಬಲೆಯ ಬದಲು ಕಬ್ಬಿಣದ ಹಲ್ಲಿನ ಕುಂಟೆ ಹಿಡಿದು ನೇರ ಮೂರನೇ ಬೇಸಿನ ಗೆರೆಗೆ ಹೋದ. ಐದು ನಿಮಿಷದಲ್ಲಿ ಅದನ್ನು ಸಮ ಮಾಡಲಾಗದು, ಆದರೆ ಒಳ ಅಂಚನ್ನು ಕೆದಕಿ ಒರಟು ಮಾಡಿದರೆ ಚೆಂಡು ಮರಳದೆ ಎಲ್ಲಾದರೂ ಸಿಕ್ಕಿಹಾಕಿಕೊಳ್ಳಬಹುದು ಎಂದು ಲೆಕ್ಕ ಹಾಕಿದ್ದ. ಮೂರು ಬಾರಿ ಎಳೆದನೋ ಇಲ್ಲವೋ, ಅಂಪೈರ್ ನೀರು ಕುಡಿಯುತ್ತಿದ್ದವನು ಬಂದು ಎದುರು ನಿಂತ.

"ಏನಪ್ಪಾ ಅದು? ಗೆರೆ ಯಾಕ್ ಕೆದಕ್ತಿದೀಯ?"

ಮಣ್ಣು ಗಟ್ಟಿಯಾಗಿದೆ ಎಂದ ಕಾಜ್.

"ಇರ್ಲಿ ಬಿಡು. ಎರಡೂ ಕಡೆಯವರೂ ಇದೇ ಗೆರೆ ಮೇಲೆ ಐದು ಇನ್ನಿಂಗ್ಸ್ ಆಡಿದಾರೆ. ಉಳಿದಿದ್ದೂ ಇದರ ಮೇಲೇ ಆಡ್ಲಿ. ಸುಣ್ಣ ಹಾಕಿ ಹೋಗು."

ಅಂಪೈರ್ ಹೇಳಿದ್ದು ನ್ಯಾಯವೇ ಆಗಿತ್ತು. ಕಾಜ್ ಕೆದಕಿದ ಮಣ್ಣನ್ನು ಕಾಲಿನಿಂದ ಒತ್ತಿ, ಸುಣ್ಣ ಹಾಕಿದ. ಎದುರು ಬೆಂಚಿನಿಂದ ಡೂಲಿ ಟೋಪಿ ತೆಗೆದು ಅವನಿಗೆ ನಮಸ್ಕರಿಸಿದ.

ಅಲ್ಲಿಂದ ಮುಂದೆ ಬೆಂಚಿನಲ್ಲಿ ಮೌನ ಇಳಿಯಿತು. ಪಿಚರ್ ಒಬ್ಬ ಅರ್ಧ ಆಟ ಕಳೆದರೂ ಒಂದು ಹೊಡೆತವನ್ನೂ ಬಿಟ್ಟುಕೊಡದಿದ್ದರೆ ಅವನ ಜೊತೆ ಯಾರೂ ಮಾತಾಡುವುದಿಲ್ಲ, ಪಕ್ಕದಲ್ಲಿ ಕೂರುವುದಿಲ್ಲ, ನಡೆಯುತ್ತಿರುವುದನ್ನು ಬಾಯಲ್ಲಿ ತರುವುದೇ ಇಲ್ಲ. ಬಾಯಿ ತೆರೆದವನಿಂದ ಅದು ಮುರಿಯುತ್ತದೆ ಎಂಬ ನಂಬಿಕೆ. ರೇಡಿಯೋದಲ್ಲಿ ವಿವರಣೆ ಕೊಡುವವನೂ ಇನ್ನೂ ಹೊಡೆತ ಬಿದ್ದಿಲ್ಲ ಎಂಬ ಮಾತು ನುಡಿಯುವುದಿಲ್ಲ. ಏಳು ವರ್ಷದ ಹಿಂದೆ ಹೀಗೇ ಒಂದು ದಿನ, ಗಮನವಿಲ್ಲದೆ ಕಾಜ್ ಒಬ್ಬ ಪಿಚರ್‌ಗೆ ಬಿಸಿಲು ಜೋರು ಅಲ್ಲವಾ ಎಂದಿದ್ದ. ಅವನು ಹೋಗಿ ಎಸೆದ ಮೊದಲ ಚೆಂಡೇ ದಾಂಡಿಗನ ಹೊಡೆತಕ್ಕೆ ಮೈದಾನದ ಗೋಡೆಗೆ ಬಡಿದಿತ್ತು. ಒಂದು ತಿಂಗಳು ತಂಡದಲ್ಲಿ ಯಾರೂ ಕಾಜ್‌ನ ಮುಖ ನೋಡಲಿಲ್ಲ. ಅವರು ನೋಡದಿದ್ದುದಕ್ಕಿಂತ, ಅವರು ಮಾಡಿದ್ದು ಸರಿ ಎಂದು ಅವನಿಗೇ ಅನ್ನಿಸಿದ್ದು ಹೆಚ್ಚು ನೋಯಿಸಿತ್ತು.

ಏಳನೇ ಇನ್ನಿಂಗ್ಸ್‌ನಲ್ಲಿ ಡೂಲಿ ಮೂರನೇ ಸಲ ಬಂದ. ಬೇಸುಗಳು ಖಾಲಿ. ಮತ್ತೆ ಬೀಸಿದ, ಮತ್ತೆ ಔಟಾದ. ಡೆಲ್ಮರ್ ದಿಬ್ಬ ಇಳಿದು ಬಂದ. ಬೆಂಚಿನವರೆಲ್ಲ ಅವನಿಗೆ ಜಾಗ ಬಿಟ್ಟು ಆ ತುದಿಗೆ ಸರಿದು ಕೂತಿದ್ದರು. ಅವನು ಆ ಖಾಲಿ ಜಾಗದಲ್ಲಿ ಕೂರದೆ ಓಣಿಯ ಬಾಯಿಗೆ ಬಂದು ಕಾಜ್‌ನ ಬಕೆಟ್ಟಿನ ಪಕ್ಕದಲ್ಲೇ, ನೆಲದ ಮೇಲೆ, ಗೋಡೆಗೊರಗಿ ಕುಳಿತ. ಎಡಗೈಯನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡಿದ್ದ. ಬೆವರಿನ ವಾಸನೆ ಬರುತ್ತಿತ್ತು.

ಒಂದು ವಾಕ್ಯ ಸಾಕಾಗಿತ್ತು. ಗೆರೆಯ ಮೇಲೆ ಚೆಂಡು ಬಂದರೆ ಕಾಯಬೇಡ, ಎತ್ತಿಕೊ. ಐದಾರು ಶಬ್ದ. ಕಾಜ್‌ನ ನಾಲಿಗೆಯ ಮೇಲೆ ಅವು ಕೂತಿದ್ದವು. ಒಮ್ಮೆ ಗಂಟಲು ಸರಿಮಾಡಿಕೊಂಡ. ಅಷ್ಟಕ್ಕೇ ಬೆಂಚಿನ ಆ ತುದಿಯಿಂದ ಕ್ಯಾಚರ್ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಕೆಂಗಣ್ಣಿನಿಂದ ನೋಡಿದ. ಡೆಲ್ಮರ್ ಕಣ್ಣು ಮುಚ್ಚಿಕೊಂಡಿದ್ದ. ಮಾತಾಡಿದರೆ ನಾನೇ ಮುರಿದವನಾಗುತ್ತೇನೆ ಎಂದುಕೊಂಡ ಕಾಜ್. ಮಾತಾಡದಿದ್ದರೆ, ಇನ್ನು ಎರಡು ಇನ್ನಿಂಗ್ಸ್ ಇದೆ, ಡೂಲಿಯ ಸರದಿ ಬರುತ್ತದೋ ಇಲ್ಲವೋ, ಬಂದರೂ ಬೇಸುಗಳು ಖಾಲಿ ಇರಬಹುದು. ಕಾಜ್ ಬೆರಳು ಮಡಿಸಿ ಎಣಿಸಿದ. ಇವನು ಯಾರನ್ನೂ ಬೇಸಿಗೆ ಬಿಡದಿದ್ದರೆ ಡೂಲಿಯ ಸರದಿ ಬರುವಷ್ಟರಲ್ಲಿ ಆಟವೇ ಮುಗಿದಿರುತ್ತದೆ. ಅವನು ಆ ಲೆಕ್ಕವನ್ನು ಹಿಡಿದುಕೊಂಡು ಸುಮ್ಮನೆ ಕುಳಿತ. ಡೆಲ್ಮರ್ ಎದ್ದು ಹೋಗುವಾಗ ಆಧಾರಕ್ಕೆ ಕಾಜ್‌ನ ಹೆಗಲ ಮೇಲೆ ಕೈ ಊರಿದ.

ಎಂಟನೇ ಇನ್ನಿಂಗ್ಸ್‌ನಲ್ಲಿ ಮೂವರಿಗೆ ಮೂವರೂ ಔಟ್. ಮೊರೋ ಗ್ಯಾಪ್‌ನವರು ಮೂರನೇ ಬೇಸಿನವರೆಗೆ ಒಬ್ಬನನ್ನು ಮುಟ್ಟಿಸಿಯೂ ಓಟ ತರಲಾಗದೆ ಹಿಂತಿರುಗಿದರು. ಸೊನ್ನೆ, ಸೊನ್ನೆ.

ಒಂಬತ್ತನೆಯದರಲ್ಲಿ ವೆಸ್ಟ್ ಕಾಲ್ಡರ್‌ನ ಮೊದಲ ದಾಂಡಿಗ ಬ್ಯಾಟನ್ನೇ ಎತ್ತಲಿಲ್ಲ. ಡೆಲ್ಮರ್‌ನ ನಾಲ್ಕನೇ ತಪ್ಪು ಎಸೆತ ಕೂದಲೆಳೆಯಷ್ಟು ಹೊರಗೆ ಹೋಯಿತು, ಅವನು ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದ. ಅದು ಹೊಡೆತವಲ್ಲ, ದಾಖಲೆ ಕೆಡಲಿಲ್ಲ. ಆದರೆ ಕಾಜ್‌ನ ಲೆಕ್ಕ ಕೆಟ್ಟಿತು. ಎರಡನೆಯವನು ತಾನು ಔಟಾಗಿ ಓಟಗಾರನನ್ನು ಎರಡನೇ ಬೇಸಿಗೆ ಸರಿಸಿದ. ಮೂರನೆಯವನು ಬಲಗಡೆಗೆ ಮೆಲ್ಲಗೆ ಹೊಡೆದು ಔಟಾದ, ಅಷ್ಟರಲ್ಲಿ ಓಟಗಾರ ಮೂರನೇ ಬೇಸಿಗೆ ಬಂದು ನಿಂತ. ಇನ್ನೊಬ್ಬ ಔಟಾದರೆ ಅವರ ಆಟ ಮುಗಿಯಿತು. ಬಂದವನು ಡೂಲಿ ವಿಕ್ಸ್.

ಕಾಜ್ ಎದ್ದು ನಿಂತಿದ್ದ. ಡೂಲಿ ಮೊದಲ ಚೆಂಡಿಗೇ ಬ್ಯಾಟನ್ನು ಅಡ್ಡ ಹಿಡಿದ. ಸದ್ದೇ ಆಗಲಿಲ್ಲ, ಬಾಗಿಲಿಗೆ ಬೆರಳು ತಾಗಿದಷ್ಟು. ಚೆಂಡು ಮೂರನೇ ಬೇಸಿನ ಗೆರೆಯ ಪಕ್ಕದಲ್ಲಿ ಉರುಳತೊಡಗಿತು. ಮೂರನೇ ಬೇಸಿನಲ್ಲಿದ್ದವನು ಆಗಲೇ ದಾಂಡಿಗನ ಜಾಗದ ಕಡೆಗೆ ಓಟ ಕಿತ್ತಿದ್ದ. ಕ್ರೌಸ್ ಮುಂದೆ ನಿಂತಿದ್ದರಿಂದ ನಾಲ್ಕೇ ನೆಗೆತಕ್ಕೆ ಚೆಂಡಿನ ಮೇಲೆ ಬಂದ, ಬರಿಗೈ ಚಾಚಿ ಬಗ್ಗಿದ.

ಡೆಲ್ಮರ್ ದಿಬ್ಬದಿಂದ ಓಡಿಬಂದವನು ಚೆಂಡಿನ ಹಾದಿ ನೋಡಿದ. ಚೆಂಡು ಗೆರೆಯ ಕಡೆಗೇ ಸರಿಯುತ್ತಿತ್ತು. ಹತ್ತಿ ಹೊಲದ ಮೈದಾನದಿಂದ ಹಿಡಿದು ಹದಿನಾಲ್ಕು ವರ್ಷ ಇಂಥ ಸಾವಿರ ಚೆಂಡು ನೋಡಿದವನು ಅವನು. ಈ ನೆಲವನ್ನು ಯಾರು ಮಟ್ಟ ಮಾಡಿದ್ದಾರೆ ಎಂಬುದೂ ಅವನಿಗೆ ಗೊತ್ತಿತ್ತು.

"ಬಿಡು, ಮುಟ್ಬೇಡ," ಎಂದ. "ಆಚೆ ಹೋಗ್ತಿದೆ, ಬಿಡು."

ಕ್ರೌಸ್ ಕೈ ಹಿಂತೆಗೆದ. ಕ್ಯಾಚರ್ ಕೂಡ ಬಂದು ನಿಂತ. ಅಂಪೈರ್ ಗೆರೆಯ ಮೇಲೆ ಬಾಗಿದ. ಮೂವರು ದೊಡ್ಡ ಗಂಡಸರು ಒಂದು ಚೆಂಡಿನ ಸುತ್ತ ಕೈಕಟ್ಟಿ ನಿಂತು ಅದನ್ನೇ ನೋಡಿದರು. ಒಂಬೈನೂರು ಜನರ ಗ್ಯಾಲರಿ ಎದ್ದು ನಿಂತಿತು. ಚೆಂಡು ಗೆರೆಗೆ ಬಂತು. ಹತ್ತಿತು. ಅದರ ಒಂದು ಕೆನ್ನೆಗೆ ಸುಣ್ಣ ಮೆತ್ತಿಕೊಂಡಿತು. ಅಲ್ಲಿ ಒಂದು ಗಳಿಗೆ ನಿಂತಂತೆ ಮಾಡಿ, ಒಳಕ್ಕೆ ಹೊರಳಿ, ಅಂಗೈಯಗಲ ಉರುಳಿ ನಿಂತಿತು.

ಅದು ಹಾಗೆಯೇ ಮಾಡುತ್ತದೆ ಎಂದು ಆ ಮೈದಾನದಲ್ಲಿ ಮೂವರಿಗೆ ಗೊತ್ತಿತ್ತು. ಒಬ್ಬ ಬೆಂಚಿನಲ್ಲಿ ತಲೆ ತಗ್ಗಿಸಿದ್ದ. ಒಬ್ಬ ಮೊದಲ ಬೇಸಿನ ಮೇಲೆ ನಿಂತು ಕೈ ತಟ್ಟುತ್ತಿದ್ದ. ಮತ್ತೊಬ್ಬನು ಓಣಿಯ ಗೋಡೆಗೆ ಕೈಯೂರಿ ನಿಂತಿದ್ದ.

ಅಂಪೈರ್ ಒಳಗಡೆಗೆ ಕೈ ತೋರಿಸಿದ. ಡೆಲ್ಮರ್ ಬಗ್ಗಿ ಚೆಂಡನ್ನು ಎತ್ತಿ, ಅದಕ್ಕೆ ಹತ್ತಿದ್ದ ಸುಣ್ಣವನ್ನು ಹೆಬ್ಬೆರಳಿನಿಂದ ಒರೆಸಿದ. ಮುಂದಿನವನನ್ನು ಮೂರೇ ಎಸೆತದಲ್ಲಿ ಔಟ್ ಮಾಡಿದ. ಮೊರೋ ಗ್ಯಾಪ್‌ನ ಕೊನೆಯ ಮೂವರು ಬಂದಷ್ಟೇ ಬೇಗ ಹೋದರು. ಒಂದು, ಸೊನ್ನೆ. ಇಡೀ ಆಟಕ್ಕೆ ವೆಸ್ಟ್ ಕಾಲ್ಡರ್‌ನ ಹೊಡೆತ ಒಂದೇ.

ಸೋಮವಾರ ಸ್ಟ್ರಿಕ್ಲರ್ ಕರೆದು ಹೇಳಿದ. ಇಪ್ಪತ್ತೆರಡರವನನ್ನು ಆರಿಸಿದ್ದಾರೆ. ಆಟ ನೋಡಲು ಬಂದವನು ಡೆಲ್ಮರ್‌ನ ತೋಳಿನ ಬಗ್ಗೆ ಒಳ್ಳೆಯದನ್ನೇ ಬರೆದಿದ್ದಾನೆ. ಆದರೆ ಕೊನೆಯಲ್ಲಿ, ಗೆರೆಯ ಚೆಂಡಿಗೆ ಬಗ್ಗಲಿಲ್ಲ, ಬಗ್ಗಿದ್ದವನನ್ನೂ ತಡೆದ, ಕಾಲಿಗೂ ನಿರ್ಧಾರಕ್ಕೂ ವಯಸ್ಸಾಗಿದೆ ಎಂದು ಸೇರಿಸಿದ್ದಾನೆ.

ಡೆಲ್ಮರ್ ಅದನ್ನು ಮನೆಯಲ್ಲಿ ಓನಾಳಿಗೆ ಹೇಳಿ, ಆ ಮನುಷ್ಯ ಬರೆದದ್ದು ನಿಜ, ಕ್ರೌಸ್‌ನನ್ನು ತಡೆಯಬಾರದಿತ್ತು ಎಂದ. ಓನಾ ಅವನ ತಟ್ಟೆಗೆ ಇನ್ನೊಂದು ತುಂಡು ಕಡುಬು ಹಾಕಿದಳು. ಕಾಜ್ ಹಿತ್ತಲಿನ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದವನು ಬಿಚ್ಚುತ್ತಲೇ ಉಳಿದ. ಡೆಲ್ಮರ್ ಮೇಲೆ ಹೋದ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಡೆಲ್ಮರ್ ತೊಳೆದಿಟ್ಟ ತಟ್ಟೆಯನ್ನು ಒರೆಸಿ ಎತ್ತಿಟ್ಟಳು. ಆಮೇಲೆ, ನಂಗೆ ಹೇಳಿ ಏನು ಬಂತು ಎಂದಳು.

ಮಂಗಳವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಕಾಜ್ ಬಾಯಿ ಬಿಟ್ಟ.

"ಡೆಲ್, ಆ ಗೆರೆ ಸಮ ಇರ್ಲಿಲ್ಲ ಕಣೋ. ಒಳಗಡೆಗೆ ಓರೆ ಇತ್ತು. ನಾನೇ ಮಾಡಿದ್ದು."

ಡೆಲ್ಮರ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ. ಕೈ ನಿಂತಿತು. "ಎಷ್ಟು?"

"ಒಂದು ಹೆಬ್ಬೆರಳಷ್ಟು. ಏಪ್ರಿಲ್‌ನಲ್ಲಿ. ಡೂಲಿಗೋಸ್ಕರ."

"ಡೂಲಿಗೆ ಗೊತ್ತಿತ್ತು."

"ಗೊತ್ತಿತ್ತು. ಆಟಕ್ಕೆ ಮುಂಚೆ ನಂಗೇ ಬಂದು ಹೇಳ್ದ."

ಡೆಲ್ಮರ್ ಕಿಟಕಿಯ ಕಡೆ ನೋಡಿದ. ಹೊರಗೆ ಓನಾ ಬಟ್ಟೆ ಒಣಹಾಕುತ್ತಿದ್ದಳು. "ಏಳನೇದ್ರಲ್ಲಿ ನಾನು ನಿನ್ ಪಕ್ಕದಲ್ಲೇ ಕೂತಿದ್ನಲ್ಲ," ಎಂದ.

"ನೀನು ಒಂದೂ ಹೊಡೆತ ಕೊಟ್ಟಿರ್ಲಿಲ್ಲ," ಎಂದ ಕಾಜ್. "ನಾನ್ ಹೇಗಪ್ಪಾ ಬಾಯ್ ಬಿಡ್ಲಿ?"

ಡೆಲ್ಮರ್ ಅದನ್ನು ನಿಜವಾಗಿ ಯೋಚಿಸಿದ. ಬೈಗುಳ ಬಂದರೆ ಬರಲಿ ಎಂದು ಕಾಜ್ ಕಾದ. ಒಂದು ಹೊಡೆತ ಬಿದ್ದಿದ್ದರೂ ಅವನಿಗೆ ಹಗುರವಾಗುತ್ತಿತ್ತು.

"ಇಲ್ಲ, ಬಿಡೋಕಾಗಲ್ಲ," ಎಂದ ಡೆಲ್ಮರ್ ಕೊನೆಗೆ. "ಯಾರೇ ಆಗಿದ್ರೂ ಆಗ್ತಿರ್ಲಿಲ್ಲ. ನೀನು ಹೇಳಿದ್ದಿದ್ರೆ ನಿನ್ ಜೊತೆ ಮಾತೇ ಬಿಡ್ತಿದ್ದೆ." ಬೆಣ್ಣೆ ಹಚ್ಚುವುದನ್ನು ಮುಗಿಸಿ, ಬ್ರೆಡ್ಡನ್ನು ತಿನ್ನದೆ ತಟ್ಟೆಯಲ್ಲಿಟ್ಟು ಮೇಲೆ ಹೋದ.

ಕಾಜ್ ಅಂದೇ ಗುದ್ದಲಿ ಹಿಡಿದ. ಸ್ಟ್ರಿಕ್ಲರ್‌ನನ್ನು ಕೇಳಲಿಲ್ಲ. ಮೂರು ವಾರ ಕಟ್ಟಿದ್ದನ್ನು ಎರಡು ದಿನದಲ್ಲಿ ಕೆತ್ತಿ ತೆಗೆದ, ಮೂರನೇ ದಿನ ನೀರು ಹಾಕಿ ಬಡಿದು, ದಾರ ಕಟ್ಟಿ, ಕೆನ್ನೆಯನ್ನು ನೆಲಕ್ಕಿಟ್ಟು ನೋಡಿದ. ಒಂದು ಚೆಂಡು ತಂದು ಇಪ್ಪತ್ತು ಸಲ ಉರುಳಿಸಿದ. ಗೆರೆ ನೀರು ನಿಂತ ಹಾಗೆ ಸಮವಾಗಿತ್ತು. ಶುಕ್ರವಾರ ಸಂಜೆ ಅದನ್ನು ಡೆಲ್ಮರ್‌ಗೆ ಹೇಳಿದ. ಗೆರೆ ಈಗ ಸರಿಯಿದೆ, ನಾನು ನೋಡಿದ್ದೇನೆ ಎಂದ. ಡೆಲ್ಮರ್ ತಲೆಯಾಡಿಸಿ, ಒಳ್ಳೆಯದಾಯಿತು ಕಾಜ್ ಎಂದ.

ಶನಿವಾರ ಮಧ್ಯಾಹ್ನ ಆ ವರ್ಷದ ಕೊನೆಯ ಆಟ. ಗೆದ್ದರೂ ಸೋತರೂ ಯಾರಿಗೂ ಏನೂ ಆಗುವುದಿರಲಿಲ್ಲ. ಇನ್ನೂರು ಜನ ಬಂದಿದ್ದರು. ಡೆಲ್ಮರ್ ಎಸೆದ. ಎರಡನೇ ಇನ್ನಿಂಗ್ಸ್‌ನಲ್ಲಿ ಎದುರಾಳಿಯೊಬ್ಬ ಬಂಟ್ ಹೊಡೆದ. ಕೆಟ್ಟ ಹೊಡೆತ. ಬ್ಯಾಟಿನಿಂದ ಹೊರಟಾಗಲೇ ಚೆಂಡು ಗೆರೆಯಾಚೆ ಹೋಗುವುದು ಗ್ಯಾಲರಿಯ ಕೊನೆಯ ಸಾಲಿನವರಿಗೂ ಕಾಣುತ್ತಿತ್ತು. ಕ್ರೌಸ್ ಇದ್ದಲ್ಲೇ ನಿಂತ. ಡೆಲ್ಮರ್ ದಿಬ್ಬದಿಂದ ಧುಮುಕಿ, ನೋಯುವ ಮೊಣಕಾಲಿನ ಮೇಲೆಯೇ ಓಡಿ ಬಂದು, ಚೆಂಡಿನ ಮೇಲೆ ಬಿದ್ದ. ಅವನ ಕೈ ಸೇರುವಾಗ ಅದು ಗೆರೆಯಿಂದ ಮೂರು ಅಡಿ ಆಚೆಗಿತ್ತು. ಯಾರೋ ನಕ್ಕರು. ಅವನು ಎದ್ದು, ಅಂಗಿಯ ಮಣ್ಣು ಕೊಡವಿ, ಕುಂಟುತ್ತಾ ದಿಬ್ಬಕ್ಕೆ ಮರಳಿದ. ಐದನೆಯದರಲ್ಲಿ ಇನ್ನೊಂದು ಬಂಟ್ ಬಂತು. ಅದಕ್ಕೂ ಹಾಗೆಯೇ ಓಡಿದ, ಹಾಗೆಯೇ ಬಿದ್ದ. ಓಡುವಾಗ ಅವನು ಚೆಂಡನ್ನು ನೋಡುತ್ತಿರಲಿಲ್ಲ, ನೆಲವನ್ನು ನೋಡುತ್ತಿದ್ದ. ಕಾಜ್ ಓಣಿಯ ಬಾಯಲ್ಲಿ ನಿಂತು, ಅವನು ಏಳುವವರೆಗೆ ಕಾದ.